ಬರ್ತಿಗೆ ಹಣ, ರಾತ್ರಿಯಿಡೀ ಕುರ್ಚಿ: ಈ ಹೊಸ ರೈಲು ಕಂಪನಿಗಳನ್ನು ನಂಬಬೇಡಿ

ಜರ್ಮನಿಯಲ್ಲಿರುವ ಕನ್ನಡಿಗರೇ, ಊರಿನಿಂದ ಬರುವ ಅಪ್ಪ ಅಮ್ಮನಿಗೆ ನಾಲ್ಕು ಊರು ತೋರಿಸೋಣ ಎಂದು ರಾತ್ರಿ ರೈಲಿನ ಟಿಕೆಟ್ ಹುಡುಕುತ್ತಿದ್ದರೆ, ಹಣ ಕಟ್ಟುವ ಮುಂಚೆ ಇದನ್ನು ಓದಿ. ನಾನು ಹೇಳುತ್ತಿರುವುದು ಈಚೆಗೆ ಶುರುವಾದ ಖಾಸಗಿ ಕಂಪನಿಯೊಂದರ ವಿಷಯ.

ಅಪ್ಪನಿಗೆ ಮಂಡಿನೋವು. ಅದಕ್ಕೆಂದೇ ಹೆಚ್ಚು ಹಣ ಕೊಟ್ಟು ಕೆಳಗಿನ ಬರ್ತುಗಳನ್ನು ಕಾಯ್ದಿರಿಸಿದ್ದೆವು. ಹ್ಯಾಂಬರ್ಗ್ ಮುಖ್ಯ ನಿಲ್ದಾಣಕ್ಕೆ ರೈಲು ಬಂದಾಗ ನಮ್ಮ ಬೋಗಿಯೇ ಇಲ್ಲ! ಸೂಟ್‌ಕೇಸ್ ಎಳೆದುಕೊಂಡು ಈ ತುದಿಯಿಂದ ಆ ತುದಿಗೆ ಅಲೆದೆವು. ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿ ಟಿಕೆಟನ್ನು ಸರಿಯಾಗಿ ನೋಡಲೂ ಇಲ್ಲ. "ಆ ಬೋಗಿ ರಿಪೇರಿಯಲ್ಲಿದೆ, ಕುರ್ಚಿ ಬೋಗಿಗೆ ಹತ್ತಿ" ಎಂದ. ವಯಸ್ಸಾದವರು, ರಾತ್ರಿಯಿಡೀ ಕಾಲು ಮಡಚಿ ಕೂರಲಾಗದು ಎಂದೆ. "ಬೇಡವಾದರೆ ಇಲ್ಲೇ ಉಳಿಯಿರಿ." ಇಷ್ಟೇ ಉತ್ತರ. ಅಪ್ಪ ನನ್ನ ತೋಳು ಹಿಡಿದು, "ಹೋಗಲಿ ಬಿಡು, ಜಗಳ ಬೇಡ" ಎಂದರು. ಅವರ ಮುಂದೆ ನನಗಾದ ಅವಮಾನ ಹೇಳತೀರದು.

ಹತ್ತಿ ಕುಳಿತ ಮೇಲೆ ಎದುರಿನ ವಿದ್ಯಾರ್ಥಿನಿ ತನ್ನ ಮೊಬೈಲ್ ತೋರಿಸಿದಳು. ಬೋಗಿ ಬರುವುದಿಲ್ಲ ಎಂಬ ಸಂದೇಶ ಅವಳಿಗೆ ಮಧ್ಯಾಹ್ನವೇ ಬಂದಿತ್ತು. ಮಧ್ಯಾಹ್ನವೇ! ಅಂದರೆ ಇವರಿಗೆ ಗೊತ್ತಿತ್ತು. ನಮಗೆ ಒಂದು ಸಾಲಿನ ಸಂದೇಶವಿಲ್ಲ. ನನ್ನ ಹೆಂಡತಿ ಅವರ ಜಾಲತಾಣ ತೆರೆದು ನೋಡಿದರೆ, ಮುಂದಿನ ನಿಲ್ದಾಣದಿಂದ ಅದೇ ರೈಲಿಗೆ ಅದೇ ದರ್ಜೆಯ ಬರ್ತ್ ಇನ್ನೂ ಮಾರಾಟಕ್ಕಿತ್ತು. ಇಲ್ಲದ ಬೋಗಿಯ ಬರ್ತ್! ನಮಗೆ ಪಂಗನಾಮ ಹಾಕಿದ್ದಾರೆ ಎಂದು ಆಗ ಖಚಿತವಾಯಿತು.

ರೈಲು ತಲುಪಿದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ. ಮುಂದಿನ ರೈಲು ತಪ್ಪಿತು. ಅದರ ಟಿಕೆಟ್ ಬೇರೆ ಕಂಪನಿಯದು, ಹಾಗಾಗಿ ಮತ್ತೆ ಹೊಸ ಟಿಕೆಟ್.

ದೂರಿಗೆ ಬಂದ ಉತ್ತರ ನೋಡಿ: "ನೀವು ಸ್ವಇಚ್ಛೆಯಿಂದ ಪ್ರಯಾಣ ಮುಂದುವರಿಸಿದ್ದೀರಿ." ರಾತ್ರಿ ಹೊತ್ತು ವಯಸ್ಸಾದವರನ್ನು ಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಮಲಗಬೇಕಿತ್ತೇ? ಮತ್ತೆ ಬರೆದೆ. "ಅಸಾಧಾರಣ ಪರಿಸ್ಥಿತಿ" ಎಂದರು. ಮತ್ತೆ ಬರೆದೆ. ಮುಂದಿನ ಪ್ರಯಾಣಕ್ಕೆ ಒಂದು ವೋಚರ್ ಕಳಿಸಿದರು. ಇವರ ರೈಲನ್ನು ಇನ್ನೊಮ್ಮೆ ಹತ್ತುವವರು ಯಾರು?

ಇಂಥ ಹೊಸ ಕಂಪನಿಗಳು ಹಲವು ದಶಕ ಹಳೆಯ ಬೋಗಿಗಳನ್ನು ಬಾಡಿಗೆಗೆ ತಂದು ಓಡಿಸುತ್ತವೆ. ಒಂದು ಕೆಟ್ಟರೆ ಬದಲಿ ಇರುವುದಿಲ್ಲ. ಆ ಕಷ್ಟ ಅರ್ಥವಾಗುತ್ತದೆ, ಮುಚ್ಚಿಟ್ಟು ಮಾರಿದ್ದನ್ನು ಕ್ಷಮಿಸಲಾರೆ.

ಆದರೂ ಹೋಗಲೇಬೇಕೆಂದಿದ್ದರೆ ಯುರೋಪಿಯನ್ ಒಕ್ಕೂಟದ 2021/782 ನಿಯಮ ತಿಳಿದಿರಲಿ. ಗಮ್ಯ ತಲುಪುವುದು 60 ನಿಮಿಷ ತಡವಾದರೆ ದರದ 25%, 120 ನಿಮಿಷವಾದರೆ 50% ಪರಿಹಾರ. ನೀವು ಕೇಳಿದರೆ ಅದನ್ನು ಹಣದಲ್ಲೇ ಕೊಡಬೇಕು, ವೋಚರ್ ಒಪ್ಪಬೇಡಿ. ವಿಪರೀತ ಹವಾಮಾನದಂಥ ಕಾರಣಕ್ಕೆ ವಿನಾಯಿತಿ ಇದೆ, ಬೋಗಿ ಕೆಟ್ಟಿತು ಎಂಬ ನೆಪಕ್ಕಲ್ಲ. ದೂರು ಮೂರು ತಿಂಗಳೊಳಗೆ ಕೊಡಿ. ಬೋಗಿ ಇಲ್ಲದ ರೈಲಿನ ಫೋಟೊ, ಸಿಬ್ಬಂದಿ ಹೇಳಿದ ಮಾತು, ಸಮಯ ಎಲ್ಲವನ್ನೂ ಅಲ್ಲೇ ದಾಖಲಿಸಿಕೊಳ್ಳಿ. ಮುಂದಿನ ರೈಲಿನ ಟಿಕೆಟನ್ನು ಪ್ರತ್ಯೇಕವಾಗಿ ಮೊದಲೇ ಕೊಳ್ಳಬೇಡಿ. ನನ್ನ ದೂರನ್ನು ಬಾನ್‌ನಲ್ಲಿರುವ ಫೆಡರಲ್ ರೈಲ್ವೆ ಪ್ರಾಧಿಕಾರಕ್ಕೆ ಕಳಿಸಿದ್ದೇನೆ. ನಿಮಗೂ ಹೀಗಾಗಿದ್ದರೆ ಸುಮ್ಮನಿರಬೇಡಿ, ನೀವೂ ಕಳಿಸಿ.