ಅಮ್ಮನ ಬ್ರಿಡ್ಜ್, ನಮ್ಮ ಬೋರ್ ನೀರು: ವಾಟರ್ ಫ್ಲಾಸರ್ ಜೊತೆ ಎರಡು ವರ್ಷ

ವಾಟರ್ ಫ್ಲಾಸರ್ ಅಂದರೆ ಹಲ್ಲಿನ ಸಂದಿಗಳನ್ನು ನೀರಿನ ಧಾರೆಯಿಂದ ತೊಳೆಯುವ ಯಂತ್ರ. ತಂದ ಎಂಟನೇ ತಿಂಗಳಿಗೆ ಅದರ ಧಾರೆ ಸೋತುಹೋಯಿತು. ಮೋಟರ್ ಸದ್ದು ಮೊದಲಿನ ಹಾಗೇ ಇತ್ತು. ಚಾರ್ಜ್ ಕೂಡ ಫುಲ್ ಇತ್ತು. ಆದರೆ ನಾಜಲ್ ತುದಿಯಿಂದ ನೀರು ಚಿಮ್ಮುತ್ತಿರಲಿಲ್ಲ, ಸುಮ್ನೆ ಸುರಿಯುತ್ತಿತ್ತು. 2,400 ರೂಪಾಯಿ ಕೊಟ್ಟು ತಂದದ್ದು ಒಂದು ವರ್ಷವೂ ಬಾಳಲಿಲ್ಲವಲ್ಲ ಅಂತ ತುಂಬಾ ಬೇಜಾರಾಯಿತು. ಅದೇ ಬೇಜಾರಿನಲ್ಲಿ ಅಮ್ಮನನ್ನೂ ಬೈದುಬಿಟ್ಟೆ. ಅದನ್ನು ಆಮೇಲೆ ಹೇಳುತ್ತೇನೆ.

ಇದನ್ನು ತಂದದ್ದೇ ಅಮ್ಮನಿಗಾಗಿ. ಅವಳಿಗೀಗ 68. ಕೆಳಗಡೆ ಬಲಭಾಗದಲ್ಲಿ ಒಂದು ದವಡೆಹಲ್ಲು ಕೀಳಿಸಿ, ಅಲ್ಲಿಗೆ ಮೂರು ಹಲ್ಲಿನ ಬ್ರಿಡ್ಜ್ ಕೂರಿಸಿದ್ದಾರೆ. ಅಕ್ಕಪಕ್ಕದ ಎರಡು ಹಲ್ಲಿಗೆ ಕ್ಯಾಪ್, ನಡುವೆ ಕಟ್ಟಿಸಿದ ಹಲ್ಲು. ನಡುವಿನದಕ್ಕೆ ಬೇರಿಲ್ಲ. ಅದರ ಅಡಿಯಲ್ಲಿ, ವಸಡಿನ ಮೇಲೆ, ಒಂದು ಸಣ್ಣ ಸಂದಿ ಉಳಿಯುತ್ತದೆ. ಬ್ರಷ್ಷಿನ ಎಳೆ ಅಲ್ಲಿಗೆ ಹೋಗುವುದಿಲ್ಲ. ಅವರೆಕಾಳಿನ ಸಿಪ್ಪೆ, ನುಗ್ಗೆಕಾಯಿ ನಾರು, ಹಲಸಿನ ತೊಳೆಯ ಎಳೆ ಮಾತ್ರ ದಾರಿ ಹುಡುಕಿಕೊಂಡು ಹೋಗಿ ಕೂತುಬಿಡುತ್ತವೆ.

ಅಮ್ಮ ಅದನ್ನು ಪೊರಕೆ ಕಡ್ಡಿಯಲ್ಲಿ ತೆಗೆಯುತ್ತಿದ್ದಳು. ಕಡ್ಡಿ ಸಿಗದಿದ್ದರೆ ಬಳೆಗೆ ಸಿಕ್ಕಿಸಿಕೊಂಡ ಪಿನ್ನು. ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಮಾಡುತ್ತಿರಬಹುದು, ಅಲ್ವಾ? ವಸಡು ಗೀರಿ ರಕ್ತ ಬರುತ್ತಿತ್ತು. ರಕ್ತ ಬರುತ್ತದೆ ಅಂತ ಆ ಕಡೆ ಬ್ರಷ್ ಮಾಡುವುದನ್ನೇ ಬಿಟ್ಟಿದ್ದಳು. ಬ್ರಷ್ ಮಾಡದೆ ಇನ್ನಷ್ಟು ಪಾಚಿ ಕಟ್ಟಿ, ವಸಡು ಇನ್ನಷ್ಟು ಊದಿಕೊಳ್ಳುತ್ತಿತ್ತು. ಜೊತೆಗೆ ಶುಗರ್ ಇದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ. ವಸಡಿನಲ್ಲಿ ಸೋಂಕಿದ್ದರೆ ಶುಗರ್ ಹತೋಟಿಗೆ ತರುವುದೂ ಕಷ್ಟ. ಇದನ್ನು ಹಲ್ಲಿನ ಡಾಕ್ಟರ್ ಬಿಡಿಸಿ ಹೇಳಿದ ಮೇಲೇ ನನಗೆ ಭಯ ಹತ್ತಿದ್ದು.

ಬ್ರಿಡ್ಜ್ ಅಡಿಗೆ ತೂರಿಸುವ ದಾರ ಸಿಗುತ್ತದೆ. ಗಟ್ಟಿ ತುದಿಯ ಫ್ಲಾಸ್. ಅದು ಅಗ್ಗ, ಒಳ್ಳೆಯದು ಕೂಡ. ಆದರೆ ಅಮ್ಮನ ಬೆರಳಿನ ಗಂಟುಗಳು ಊದಿಕೊಂಡಿವೆ. ಸೂಜಿಗೆ ದಾರ ಪೋಣಿಸುವುದನ್ನೇ ಬಿಟ್ಟವಳು ಹಲ್ಲಿನ ಅಡಿಗೆ ದಾರ ಹೇಗೆ ತೂರಿಸುತ್ತಾಳೆ? ಹಾಗಾಗಿ ನೀರಿನ ಯಂತ್ರ. ಇದೇನೂ ಹೊಸ ಕಾಲದ ಶೋಕಿ ಅಲ್ಲ. 1962ರಷ್ಟು ಹಿಂದೆಯೇ ಅಮೆರಿಕದ ಕೊಲೊರಾಡೊದಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಮತ್ತು ಒಬ್ಬ ಎಂಜಿನಿಯರ್ ಸೇರಿ ಇದನ್ನು ಮಾರಾಟಕ್ಕೆ ತಂದಿದ್ದರು. ನೀರು ಒಂದೇ ಸಮ ಹರಿಯುವುದಿಲ್ಲ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಮಿಡಿಯುತ್ತಾ ಬರುತ್ತದೆ. ಕೊಳೆ ಸಡಿಲವಾಗುವುದು ಆ ಮಿಡಿತಕ್ಕೆ.

ನಮ್ಮದು ಟ್ಯಾಂಕ್ ಕೈಹಿಡಿಯಲ್ಲೇ ಇರುವ ಕಾರ್ಡ್‌ಲೆಸ್ ಮಾಡೆಲ್. ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಹಾಲು ಫ್ರಿಜ್ಜಿಗೆ ಸೇರಿದ ಮೇಲೆ ಅದರ ಹೊತ್ತು. ಅಮ್ಮ ಚಿಕ್ಕ ಪಾತ್ರೆಯಲ್ಲಿ ನೀರು ಉಗುರುಬೆಚ್ಚಗೆ ಮಾಡಿಕೊಳ್ಳುತ್ತಾಳೆ. ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುತ್ತದೆ. ಸೆರಗು ಸಿಕ್ಕಿಸಿ, ಹೆಗಲ ಮೇಲೆ ಟವಲ್ ಹಾಕಿಕೊಂಡು, ಬೇಸಿನ್ ಮೇಲೆ ಚೆನ್ನಾಗಿ ಬಗ್ಗುತ್ತಾಳೆ. ನಾಜಲ್ ಬಾಯೊಳಗೆ ಇಟ್ಟು, ತುಟಿ ಅರ್ಧ ಮುಚ್ಚಿ, ಆಮೇಲೇ ಸ್ವಿಚ್. ಈ ಕ್ರಮ ತಪ್ಪಿದರೆ ಕನ್ನಡಿ, ಗೋಡೆ ಎಲ್ಲ ನೆನೆಯುತ್ತದೆ. ಹಿಂದಿನ ದವಡೆಹಲ್ಲಿನಿಂದ ಶುರು, ವಸಡಿನ ಅಂಚು ಹಿಡಿದು ನಿಧಾನವಾಗಿ ಮುಂದೆ. ಒಂದೊಂದು ಸಂದಿಯಲ್ಲೂ ಒಂದು ಕ್ಷಣ ನಿಲ್ಲಬೇಕು. ಬ್ರಿಡ್ಜ್ ಹತ್ತಿರ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಹೊರಗಿನಿಂದ ಒಮ್ಮೆ, ನಾಲಿಗೆ ಕಡೆಯಿಂದ ಒಮ್ಮೆ. ಮೊದಲ ರಾತ್ರಿ ಬೇಸಿನ್ನಿನಲ್ಲಿ ಬಿದ್ದದ್ದನ್ನು ನೋಡಿ, "ಇದು ಮಧ್ಯಾಹ್ನದ ಸೊಪ್ಪು ಕಣೇ" ಅಂದಿದ್ದಳು.

ಮೊದಲ ವಾರ ನೀರು ಕೆಂಪಾಗಿಯೇ ಬರುತ್ತಿತ್ತು. ಅತಿ ಕಡಿಮೆ ವೇಗದಲ್ಲಿ ಇಟ್ಟು ಮುಂದುವರಿಸಿದೆವು. ಹತ್ತನೇ ದಿನಕ್ಕೆ ರಕ್ತ ನಿಂತಿತು. ನಿಮಗೆ ಎರಡು ವಾರ ಆದರೂ ನಿಲ್ಲದಿದ್ದರೆ ಕಾಯಬೇಡಿ, ತೋರಿಸಿ. ಬಾಯಿ ವಾಸನೆಯೂ ಹೋಯಿತು. ಅದಕ್ಕಾಗಿ ಅವಳು ಸದಾ ಬಾಯಲ್ಲಿಟ್ಟುಕೊಳ್ಳುತ್ತಿದ್ದ ಲವಂಗ ಈಗ ಡಬ್ಬಿಯಲ್ಲೇ ಇರುತ್ತದೆ.

ಇನ್ನು ಆ ಎಂಟನೇ ತಿಂಗಳ ಕಥೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ, "ಟ್ಯಾಂಕ್‌ಗೆ ಉಪ್ಪು ಹಾಕಿದ್ರಾ ಮೇಡಂ?" ಅಮ್ಮನನ್ನು ಕೇಳಿದೆ. ದಿನಾ ಒಂದು ಚಿಟಿಕೆ ಹಾಕುತ್ತಿದ್ದಳಂತೆ, ವಸಡಿಗೆ ಒಳ್ಳೆಯದು ಅಂತ. ವಾರಂಟಿ ಆಗುವುದಿಲ್ಲ ಅಂದರು. ನಾನು ಅಮ್ಮನ ಮೇಲೆ ಕೂಗಾಡಿದೆ. ಅವಳು ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಕೈಯಲ್ಲಿ ಮತ್ತೆ ಪಿನ್ನು.

ಅದಾಗಿ ಒಂದು ವಾರಕ್ಕೆ ಬಚ್ಚಲುಮನೆಯ ಶವರ್ ಬಿಚ್ಚಿ ತೊಳೆಯುತ್ತಿದ್ದೆ. ಅರ್ಧ ತೂತುಗಳು ಬಿಳಿ ಕಲ್ಲಿನಂಥದ್ದು ಕಟ್ಟಿ ಮುಚ್ಚಿಹೋಗಿದ್ದವು. ನಾವಿರುವುದು ಬೆಂಗಳೂರಿನ ಹೊರಗೆ. ಕಾವೇರಿ ನೀರು ಇನ್ನೂ ಬಂದಿಲ್ಲ, ಪೂರ್ತಿ ಬೋರ್ ನೀರು. ಗೀಸರ್ ಕಾಯಿಲ್, ನಲ್ಲಿ, ಬಕೆಟ್ ಎಲ್ಲದರ ಮೇಲೂ ಅದೇ ಬಿಳಿ ಪೊರೆ. ಓಡಿಹೋಗಿ ಫ್ಲಾಸರ್ ಟ್ಯಾಂಕಿನ ತಳ ಬೆರಳಲ್ಲಿ ಉಜ್ಜಿದೆ. ಅದೇ ಪೊರೆ, ಉಗುರಿಗೆ ಗರಗರ ಅಂತ ಸಿಕ್ಕಿತು. ಉಪ್ಪಾಗಿದ್ದರೆ ನೀರಿಗೆ ಕರಗಬೇಕಿತ್ತು. ಇದು ಗಡಸು ನೀರಿನ ಸುಣ್ಣ. ಶವರ್ ತೂತನ್ನೇ ಮುಚ್ಚುವ ಸುಣ್ಣಕ್ಕೆ ನಾಜಲ್‌ನ ಸೂಜಿಮೊನೆಯಂಥ ತೂತು ಯಾವ ಲೆಕ್ಕ?

ಒಂದು ಟ್ಯಾಂಕ್ ಬೆಚ್ಚಗಿನ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಓಡಿಸಿದೆ. ನಾಜಲ್ ಬಿಚ್ಚಿ ಅದೇ ನೀರಲ್ಲಿ ಅರ್ಧ ಗಂಟೆ ನೆನೆಹಾಕಿದೆ. ಎರಡನೇ ಸಲಕ್ಕೆ ಧಾರೆ ಮೊದಲಿನ ಜೋರಿಗೆ ಬಂತು. ಅಮ್ಮನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವಳು ನಾಜಲ್ ಇಸಿದುಕೊಂಡು ನೋಡಿ, "ನಾಳೆಯಿಂದ ಫಿಲ್ಟರ್ ನೀರು ಹಾಕೋಣ ಬಿಡು" ಅಂದಳು. ಅವತ್ತಿನಿಂದ ಕುಡಿಯುವ ನೀರೇ. ದಿನಕ್ಕೆ ಒಂದೂವರೆ ಲೋಟ ಸಾಕು. ತಿಂಗಳಿಗೊಮ್ಮೆ ವಿನೆಗರ್, ಆಮೇಲೆ ಬರೀ ನೀರಲ್ಲಿ ಎರಡು ಸಲ. ಉಪ್ಪು ಪಂಪಿಗೆ ಒಳ್ಳೆಯದಲ್ಲ ಅನ್ನುವುದೂ ನಿಜ. ಅಮ್ಮ ಈಗ ಉಪ್ಪುನೀರನ್ನು ಬೇರೆ ಲೋಟದಲ್ಲಿ ಮಾಡಿಕೊಂಡು ಮುಕ್ಕಳಿಸುತ್ತಾಳೆ. ಕಂಪನಿ ಮೇಲೆ ನನಗಿರುವ ಸಿಟ್ಟು ಒಂದೇ. ಗಡಸು ನೀರು ಹಾಕಬೇಡಿ ಅನ್ನುವ ಒಂದು ಸಾಲನ್ನು ಡಬ್ಬಿಯ ಮೇಲೆ ಯಾಕೆ ಬರೆಯಲಿಲ್ಲ? ನಮ್ಮ ಕಡೆ ಎಷ್ಟು ಮನೆಯಲ್ಲಿ ಬೋರ್ ನೀರಿದೆ ಅಂತ ಅವರಿಗೆ ಗೊತ್ತಿಲ್ಲವೇ? ಎಷ್ಟು ಜನ ಕೆಟ್ಟುಹೋಯಿತು ಅಂತ ಎಸೆದಿದ್ದಾರೋ.

ಇದು ಬಂದರೆ ಬ್ರಷ್ ಬೇಡವಾ ಅಂತ ನಮ್ಮ ಚಿಕ್ಕಮ್ಮ ಕೇಳುತ್ತಿದ್ದರು. ಬೇಕೇ ಬೇಕು. ಡಾಕ್ಟರ್ ಒಮ್ಮೆ ನನ್ನ ಹಲ್ಲಿಗೆ ಗುಲಾಬಿ ಬಣ್ಣ ಹಚ್ಚಿ ತೋರಿಸಿದ್ದರು. ಪಾಚಿ ಇರುವ ಕಡೆ ಬಣ್ಣ ಹಿಡಿಯುತ್ತದೆ. ನೀರು ಬಿಟ್ಟರೂ ಹಲ್ಲಿನ ಮೇಲಿನ ಬಣ್ಣ ಸುಮಾರು ಹಾಗೇ ಉಳಿಯಿತು, ಹೋಗಿದ್ದು ಬ್ರಷ್ಷಿಗೆ. ಎರಡು ನಿಮಿಷ, ಮೆತ್ತನೆ ಎಳೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್. ಪಾಚಿ ಕಲ್ಲಿನಂತೆ ಗಟ್ಟಿಯಾಗಿ ಕೂತ ಗಾರೆಯನ್ನಂತೂ ನೀರೂ ತೆಗೆಯದು, ಬ್ರಷ್ಷೂ ತೆಗೆಯದು. ಅದಕ್ಕೆ ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ಅಮ್ಮ ಆರು ವರ್ಷ ಮುಂದೂಡಿದ್ದಳು. ಸಡಿಲವಾಗುವುದು ಗಾರೆ ಕಟ್ಟಿ ವಸಡು, ಮೂಳೆ ಸವೆದಾಗ. ಸಂದಿ ತುಂಬಿದ್ದ ಗಾರೆ ತೆಗೆದ ಮೇಲೆ ಖಾಲಿ ಜಾಗ ನಾಲಿಗೆಗೆ ಸಿಗುತ್ತದೆ, ಸ್ವಲ್ಪ ದಿನ ಜುಮ್ ಅನ್ನುತ್ತದೆ, ಅಷ್ಟೇ.

ನನ್ನಂತೆ ಬ್ರಿಡ್ಜ್, ಕ್ಲಿಪ್ ಏನೂ ಇಲ್ಲದವರಿಗೆ, ಬೆರಳು ಚೆನ್ನಾಗಿ ಆಡುವವರಿಗೆ ಇಷ್ಟು ದುಡ್ಡು ಜಾಸ್ತಿಯೇ. ನಾನು ಫ್ಲಾಸ್ ದಾರದಲ್ಲೇ ಇದ್ದೇನೆ. ಅಮ್ಮನಿಗೆ ಮಾತ್ರ ಇದು ಕೆಟ್ಟುಹೋದರೆ ಅದೇ ದಿನ ಇನ್ನೊಂದು ತರುತ್ತೇನೆ. ತರುವಾಗ ನೋಡುವುದು ಒಂದೇ, ಟ್ಯಾಂಕ್ ಪೂರ್ತಿ ಕಳಚಿ ಬರಬೇಕು, ಒಳಗೆ ಕೈ ಹೋಗುವಷ್ಟು ಬಾಯಿ ಅಗಲ ಇರಬೇಕು. ನಮ್ಮ ಈಗಿನದರಲ್ಲಿ ಅಮ್ಮನ ಎರಡು ಬೆರಳು ಮಾತ್ರ ಹೋಗುತ್ತವೆ.