ಹಳೇ ಟಾರ್ಚಿಗೆ ಎಲ್ಇಡಿ ಹಾಕಿಸೋ ಮುಂಚೆ, ಹೊಸದು ತಗೊಳ್ಳೋ ಮುಂಚೆ ಇದನ್ನ ಓದಿ

ಮಳೆಗಾಲ ಹತ್ತಿರ ಬಂತು. ನಮ್ಮ ಸಕಲೇಶಪುರದ ಹೆತ್ತೂರು ಕಡೆ ಜೂನ್ ಶುರುವಾದರೆ ಕರೆಂಟ್ ನಂಬಿಕೊಂಡು ಕೂರೋ ಹಾಗಿಲ್ಲ. ಲೈನ್ ಮೇಲೆ ಮರ ಬಿದ್ದರೆ ಮತ್ತೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅದರ ಮೇಲೆ ಆನೆ ಕಾಟ. ಹಾಗಾಗಿ ಈಗ ಎಲ್ಲರ ಮನೆಯಲ್ಲೂ ಇದೇ ಮಾತು: ಅಟ್ಟದ ಮೇಲಿರುವ ಹಳೇ ಟಾರ್ಚಿಗೆ ಎಲ್ಇಡಿ ಬಲ್ಬ್ ಹಾಕಿಸೋದಾ, ಇಲ್ಲ ಹೊಸ ಚಾರ್ಜಿಂಗ್ ಟಾರ್ಚ್ ತರೋದಾ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಎರಡೂ ಆಯಿತು. ಎರಡು ಕಡೆಯೂ ಮಾರುವವರು ಸುಳ್ಳು ಹೇಳಿ ಮಾರಿದರು. ಒಂದರಿಂದ ನಾವು ಆನೆಯ ಹತ್ತಿರಕ್ಕೇ ಹೋಗಿ ನಿಂತೆವು. ಇನ್ನೊಂದರಿಂದ ಅಮ್ಮನಿಗೆ ಶಾಕ್ ಹೊಡೆಯಿತು. ಯಾರಿಗೂ ಹೀಗಾಗೋದು ಬೇಡ ಅಂತ ಬರೆಯುತ್ತಿದ್ದೇನೆ.

ಮೊದಲು ಹಳೇ ಟಾರ್ಚಿನ ಕಥೆ. ಮೂರು ದಪ್ಪ ಸೆಲ್ ಹಾಕುವ ಸ್ಟೀಲ್ ಟಾರ್ಚ್. ಎದುರಿಗೆ ಗಾಜು, ಕುತ್ತಿಗೆ ತಿರುಗಿಸಿದರೆ ಬೆಳಕು ಹತ್ತಿರ ದೂರ ಆಗುತ್ತದೆ. ಬಲ್ಬ್ ಸುಟ್ಟುಹೋಗಿತ್ತು, ಅಷ್ಟೇ. ಹಾಸನದ ಪೇಟೆಯಲ್ಲಿ ಒಂದು ಅಂಗಡಿಗೆ ತೆಗೆದುಕೊಂಡು ಹೋದಾಗ ಆತ, "ಹೊಸದು ಯಾಕ್ ಸಾರ್ ಸುಮ್ನೆ? ಎಲ್ಇಡಿ ಹಾಕ್ಕೊಡ್ತೀನಿ, ಅರ್ಧ ಕಿಲೋಮೀಟರ್ ಹೊಡೆಯತ್ತೆ" ಅಂದ. ಹಾಕಿ, ಅಂಗಡಿಯ ಗೋಡೆ ಮೇಲೆ ಬಿಟ್ಟು ತೋರಿಸಿದ. ಕಣ್ಣು ಕುಕ್ಕುವ ಹಾಗೆ ಬಿಳಿ ಬೆಳಕು. ಯಾರು ನೋಡಿದರೂ ಒಪ್ಪಿಕೊಳ್ಳುವಂಥದ್ದೇ.

ಆ ವಾರ ಒಂದು ರಾತ್ರಿ ತೋಟದ ಕೆಲಸದವರ ಲೈನ್ ಮನೆಯಲ್ಲಿ ಒಂದು ಮಗುವಿಗೆ ಜ್ವರ ಬಂದಿತ್ತು. ನಾನೂ ತೋಟದ ಲೆಕ್ಕ ನೋಡುವ ನಮ್ಮ ರೈಟರ್ರೂ ಮಾತ್ರೆ ಹಿಡಿದುಕೊಂಡು ಹೊರಟೆವು. ಮಳೆ ಸ್ವಲ್ಪ ಬಿಟ್ಟಿತ್ತು, ಮಂಜು ಕೂತಿತ್ತು. ಟಾರ್ಚ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದ ಹಾಗೆ. ಕಾಲ ಬುಡದಲ್ಲಿ ಹಗಲು, ಅದರಾಚೆ ಏನೂ ಇಲ್ಲ. ರಸ್ತೆ ತಿರುಗುವಲ್ಲಿ ಒಂದು ಹಲಸಿನ ಮರ ಇದೆ. ಹಳೇ ಬಲ್ಬ್ ಇದ್ದಾಗ ಮನೆ ಅಂಗಳದಿಂದಲೇ ಅದರ ಬೊಡ್ಡೆ ಕಾಣುತ್ತಿತ್ತು. ಅವತ್ತು ಮರದ ಹತ್ತಿರ ಹೋದರೂ ಕಾಣಲಿಲ್ಲ. ರೈಟರ್ ನನ್ನ ಭುಜ ಹಿಡಿದು "ಅಣ್ಣ, ನಿಲ್ಲಿ" ಅಂದರು. ಅವರಿಗೆ ವಾಸನೆ ಬಂದಿತ್ತು. ನಿಂತು ಕೇಳಿದರೆ ಹಣ್ಣು ಅಗಿಯುವ ಸದ್ದು. ಹತ್ತು ಮಾರು ದೂರವೂ ಇರಲಿಲ್ಲ. ಟಾರ್ಚ್ ಆರಿಸಿ, ಮಾತಾಡದೆ ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡು ಬಂದೆವು. ಮಗುವಿಗೆ ಮಾತ್ರೆ ತಲುಪಿದ್ದು ಬೆಳಕು ಹರಿದ ಮೇಲೆ.

ಬೆಳಗ್ಗೆ ಆ ಬಲ್ಬ್ ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿದೆ. ಹಿತ್ತಾಳೆ ಕ್ಯಾಪು, ಅದರ ತುದಿಯಲ್ಲಿ ಚಪ್ಪಟೆ ತಗಡು, ತಗಡಿನ ಮೇಲೆ ಅಗಲವಾಗಿ ಹರಡಿದ ಹಳದಿ ಎಲ್ಇಡಿ ಚಿಪ್‌ಗಳು. ಎಲ್ಲವೂ ಮುಂದಕ್ಕೇ ಮುಖ ಮಾಡಿಕೊಂಡಿವೆ. ಸಮಸ್ಯೆ ಇಲ್ಲೇ ಇರೋದು. ಹಳೇ ಬಲ್ಬಿನ ತಂತಿ ಒಂದೆರಡು ಮಿಲಿಮೀಟರ್ ಅಷ್ಟೇ. ಅದು ಸುತ್ತಲೂ ಬೆಳಕು ಚೆಲ್ಲುತ್ತದೆ, ಹಿಂದಿನ ಹೊಳೆಯುವ ಬಟ್ಟಲು ಅದನ್ನೆಲ್ಲ ಒಟ್ಟು ಮಾಡಿ ದೂರಕ್ಕೆ ಕಳಿಸುತ್ತದೆ. ತಂತಿ ಎಲ್ಲಿ ಕೂರುತ್ತದೋ ಆ ಜಾಗಕ್ಕೆ ಸರಿಯಾಗಿ ಬಟ್ಟಲಿನ ಆಕಾರ ಮಾಡಿರುತ್ತಾರೆ. ಎಲ್ಇಡಿಯ ಬೆಳಕು ಮುಂದಕ್ಕೆ ಮಾತ್ರ ಬರುತ್ತದೆ, ಬಟ್ಟಲಿಗೆ ಬೀಳುವುದೇ ಕಡಿಮೆ. ಒಟ್ಟು ಬೆಳಕು ಹಳೇ ಬಲ್ಬಿಗಿಂತ ಎಷ್ಟೋ ಜಾಸ್ತಿ ಇರಬಹುದು, ಆದರೆ ಅದು ಹತ್ತಿರದಲ್ಲೇ ಹರಡಿ ಮುಗಿದುಹೋಗುತ್ತದೆ. ಮಂಜಿನಲ್ಲಿ ಹರಡಿದ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಗೋಡೆ ಮೇಲೆ ಬಿಟ್ಟು ತೋರಿಸಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಆ ಅಂಗಡಿಯವನಿಗೆ ಇದು ಗೊತ್ತಿರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಹೊಸ ಸೆಲ್ ಮೂರು ಸೇರಿದರೆ ನಾಲ್ಕೂವರೆ ವೋಲ್ಟ್. ಬಿಳಿ ಎಲ್ಇಡಿಗೆ ಸುಮಾರು ಮೂರು ವೋಲ್ಟ್ ಬೇಕು. ಒಳ್ಳೆ ಬಲ್ಬಿನಲ್ಲಿ ಇದನ್ನು ಹೊಂದಿಸುವ ಚಿಕ್ಕ ಸರ್ಕ್ಯೂಟ್ ಇರುತ್ತದೆ. ನಮ್ಮದರಲ್ಲಿ ಇದ್ದದ್ದು ಕರೆಂಟನ್ನು ತಡೆಯುವ ಒಂದು ರೆಸಿಸ್ಟರ್ ಮಾತ್ರ. ಸೆಲ್ ಸ್ವಲ್ಪ ಹಳೆಯದಾಗಿ ಒಂದೊಂದೂ 1.2 ವೋಲ್ಟಿಗೆ ಇಳಿದರೆ, ಬೆಳಕು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಎರಡು ಸೆಲ್ಲಿನ ಟಾರ್ಚಿಗೆ ಇಂಥದ್ದನ್ನು ಹಾಕಿದರಂತೂ ಕೆಲವು ದಿನಕ್ಕೇ ಮಿಣುಕು ಹುಳು. ಬಿಸಿಯದ್ದೂ ಒಂದು ತೊಂದರೆ ಇದೆ. ಹಳೇ ಬಲ್ಬಿನ ಬಿಸಿ ಬೆಳಕಿನ ಜೊತೆಗೇ ಮುಂದಕ್ಕೆ ಹೋಗುತ್ತಿತ್ತು. ಎಲ್ಇಡಿಯ ಬಿಸಿ ಬುಡದಿಂದ ಟಾರ್ಚಿನ ಮೈಗೆ ಇಳಿಯಬೇಕು. ಒಳಗೆ ಪ್ಲಾಸ್ಟಿಕ್ ಹೋಲ್ಡರ್ ಇದ್ದರೆ ಅದಕ್ಕೆ ಹೋಗಲು ದಾರಿಯೇ ಇಲ್ಲ, ಬಲ್ಬ್ ಬೇಗ ಹಾಳಾಗುತ್ತದೆ.

ಇದನ್ನೆಲ್ಲ ಓದಿ ಹಳೇ ಟಾರ್ಚನ್ನು ಗುಜರಿಗೆ ಹಾಕಬೇಡಿ. ಲೋಹದ ಮೈ, ಗಾಜು, ಫೋಕಸ್ ತಿರುಗಿಸುವ ಕುತ್ತಿಗೆ ಇರುವ ಟಾರ್ಚಿಗೆ ಸರಿಯಾದ ಬಲ್ಬ್ ಹಾಕಿದರೆ ಅದು ಈಗಲೂ ಒಳ್ಳೆಯದೇ. ಸೆಲ್ ಕೂಡ ಬಹಳ ದಿನ ಬರುತ್ತದೆ. ಬಲ್ಬಿನಲ್ಲಿ ಮಧ್ಯಕ್ಕೆ ಒಂದೇ ಒಂದು ಚಿಕ್ಕ ಚಿಪ್ ಇರಬೇಕು. ಎಷ್ಟು ಸೆಲ್ಲಿಗೆ, ಎಷ್ಟು ವೋಲ್ಟಿಗೆ ಅಂತ ಬರೆದಿರಬೇಕು. ಮತ್ತೆ ಹಳೇ ಬಲ್ಬಿಗೆ ಸೆಲ್ ಉಲ್ಟಾ ಹಾಕಿದರೂ ನಡೆಯುತ್ತಿತ್ತು, ಎಲ್ಇಡಿಗೆ ನಡೆಯಲ್ಲ. "ಹೊಸ ಬಲ್ಬ್ ಹತ್ತುತ್ತಲೇ ಇಲ್ಲ" ಅಂತ ವಾಪಸ್ ತರುವವರು ಮೊದಲು ಅದನ್ನು ನೋಡಿ. ಸ್ಪ್ರಿಂಗು, ಸ್ವಿಚ್ಚಿನ ಪಟ್ಟಿ ಹಸಿರು ಹಿಡಿದಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ. ಎಷ್ಟೋ ಟಾರ್ಚು ಮಂಕಾಗಿರುವುದೇ ಅದರಿಂದ, ಬಲ್ಬಿನಿಂದಲ್ಲ. ಪ್ಲಾಸ್ಟಿಕ್ ಬಟ್ಟಲಿನ ಅಗ್ಗದ ಟಾರ್ಚಾದರೆ ಮಾತ್ರ ಅದಕ್ಕೆ ದುಡ್ಡು ಹಾಕಬೇಡಿ.

ಈಗ ಎರಡನೆಯದು. ಇದು ಹೆಚ್ಚು ಅಪಾಯದ್ದು.

ಆನೆ ವಿಷಯ ಕೇಳಿ ಗಾಬರಿಯಾದ ಚಿಕ್ಕಪ್ಪ ಸಂತೆಯಿಂದ ಹೊಸ ಚಾರ್ಜಿಂಗ್ ಟಾರ್ಚ್ ತಂದುಕೊಟ್ಟರು. ಡಬ್ಬದ ಮೇಲೆ ಲಿಥಿಯಂ ಬ್ಯಾಟರಿ, 9900 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ), ಐದು ಕಿಲೋಮೀಟರ್ ಬೆಳಕು ಅಂತೆಲ್ಲ ಬರೆದಿತ್ತು. ಹಿಂದೆ ಮಡಚಿಕೊಳ್ಳುವ ಎರಡು ಪಿನ್ನು, ನೇರ ಗೋಡೆಯ ಸಾಕೆಟ್ಟಿಗೇ ಚುಚ್ಚೋದು. ಕರೆಂಟ್ ಇದ್ದ ಒಂದು ಸಂಜೆ ಅಮ್ಮ ಅದನ್ನು ಸಾಕೆಟ್ಟಿನಿಂದ ಕಿತ್ತು, ಪಿನ್ನು ಮಡಚಲು ಬೆರಳಿಟ್ಟರು. ಅಷ್ಟಕ್ಕೇ ಕೈ ಒದರಿ ಟಾರ್ಚ್ ಎಸೆದುಬಿಟ್ಟರು. ಸಾಕೆಟ್ಟಿನಿಂದ ತೆಗೆದ ಮೇಲೆ ಶಾಕ್! ಮೊದಲು ಯಾರೂ ನಂಬಲಿಲ್ಲ. ಅಮ್ಮ ಆ ರಾತ್ರಿಯೆಲ್ಲ ಬೆರಳು ಹಿಡಿದುಕೊಂಡೇ ಇದ್ದರು.

ಊರಿನಲ್ಲಿ ವೈರಿಂಗ್ ಕೆಲಸ ಮಾಡುವ ಹುಡುಗ ಬಿಚ್ಚಿ ತೋರಿಸಿದ. ವೋಲ್ಟ್ ಇಳಿಸಿ ಮನೆಯ ಲೈನಿನಿಂದ ಬೇರೆ ಮಾಡುವ ಟ್ರಾನ್ಸ್‌ಫಾರ್ಮರ್ ಒಳಗೆ ಇಲ್ಲ. ಪಿನ್ನಿನಿಂದ ಬಂದ 230 ವೋಲ್ಟಿಗೆ ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಅಲ್ಲಿಂದ ನೇರ ಬ್ಯಾಟರಿಗೆ. ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತ ತಕ್ಷಣ ಅದನ್ನು ಖಾಲಿ ಮಾಡಲು ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕಬೇಕು. ಅದರ ಬೆಲೆ ಪುಡಿಗಾಸು. ಅದನ್ನೂ ಉಳಿಸಿದ್ದರು. ಆ ಹುಡುಗ ಇನ್ನೊಂದು ಮಾತು ಹೇಳಿದ, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ: ಇಂಥ ಟಾರ್ಚ್ ಚಾರ್ಜಿಗೆ ಇಟ್ಟಾಗ ಒಳಗಿನ ಪ್ರತಿ ತಂತಿಯೂ ಮನೆಯ ಲೈನಿಗೆ ಸೇರಿಕೊಂಡಿರುತ್ತದೆ. ಮೈ ಸ್ವಲ್ಪ ಬಿರುಕು ಬಿಟ್ಟಿದ್ದರೆ, ಕೈ ಒದ್ದೆ ಇದ್ದರೆ ಜೀವಕ್ಕೇ ಅಪಾಯ. ಚಾರ್ಜಿಗೆ ಇಟ್ಟುಕೊಂಡೇ ಹಚ್ಚಿ ನೋಡುವುದು, ಮಕ್ಕಳ ಕೈಗೆ ಕೊಡುವುದು ಬೇಡವೇ ಬೇಡ.

ಲಿಥಿಯಂ ಅಂದಿದ್ದರಲ್ಲ, ಒಳಗೆ ಇದ್ದದ್ದು ನಾಲ್ಕು ವೋಲ್ಟಿನ ಸೀಸದ ಬ್ಯಾಟರಿ. ಅದಾಗಲೇ ಉಬ್ಬಿತ್ತು. ಚಾರ್ಜ್ ತುಂಬಿದ ಮೇಲೆ ನಿಲ್ಲಿಸುವ ವ್ಯವಸ್ಥೆ ಇಲ್ಲದಿದ್ದರೆ ಹಾಗೇ ಆಗುವುದು. ಖಾಲಿಯಾದ ಸೀಸದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಇಟ್ಟರೂ ಸಾಯುತ್ತದೆ. ನಾವು ಟಾರ್ಚ್ ಇಡುವುದೇ ಹಾಗಲ್ವಾ, ಬೇಸಿಗೆಯೆಲ್ಲ ಬೀರುವಿನಲ್ಲಿ? 9900ರ ಲೆಕ್ಕವೂ ಸುಳ್ಳೇ. ಟಾರ್ಚಿಗೆ ಹಾಕುವ 18650 ಅನ್ನೋ ಲಿಥಿಯಂ ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ್ದು, ಒಳ್ಳೆ ಕಂಪನಿಯದ್ದಾದರೂ ಸುಮಾರು 3500 ಎಂಎಎಚ್ ತನಕ ಬರುತ್ತದೆ, ಅಷ್ಟೇ. ಒಂದೇ ಸೆಲ್ಲಿಗೆ ಅದರ ಎರಡು ಮೂರು ಪಟ್ಟು ಬರೆದಿದ್ದರೆ ಕೆಳಗಿಟ್ಟು ಬನ್ನಿ. ತುಂಬಿದ ಲಿಥಿಯಂ ಸೆಲ್ 4.2 ವೋಲ್ಟ್ ಇರುತ್ತದೆ. ಒಂದೂವರೆ ವೋಲ್ಟಿನ ಸೆಲ್ ಜಾಗಕ್ಕೆ ಅದನ್ನು ತುರುಕುವ ಪ್ರಯೋಗವನ್ನೂ ಮಾಡಬೇಡಿ.

ಹೊಸದು ತಗೊಳ್ಳೋದಾದರೆ ಯುಎಸ್‌ಬಿ ಚಾರ್ಜಿಂಗಿನದ್ದು ತಗೊಳ್ಳಿ. ಒಳ್ಳೆ ಫೋನ್ ಚಾರ್ಜರ್ ಮಧ್ಯೆ ಇದ್ದರೆ ಮನೆಯ ಲೈನು ಟಾರ್ಚಿನ ತನಕ ಬರುವುದೇ ಇಲ್ಲ. ಲಿಥಿಯಂ ಬ್ಯಾಟರಿ ಮೇಲೆ ಐಎಸ್ 16046 ಅನ್ನೋ ಭಾರತೀಯ ಮಾನಕದ ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಸರ್ಕಾರದ ಮಾನಕ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ನಮ್ಮ ಮಳೆಗೆ ಐಪಿ 67 ಅಂತ ಇರುವುದು ಒಳ್ಳೆಯದು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ನೀರು ಒಳಗೆ ಹೋಗಬಾರದು ಅನ್ನೋದು ಅದರ ಅಳತೆ.

ಲುಮೆನ್, ಅಂದರೆ ಒಟ್ಟು ಬೆಳಕು, ಎಷ್ಟು ಅನ್ನೋದಕ್ಕಿಂತ ಬೀಮ್ ದೂರ ಎಷ್ಟು ಮೀಟರ್ ಅಂತ ನೋಡಿ. ಟಾರ್ಚುಗಳಿಗೆ ಅಂತಲೇ ಇರುವ ಎಫ್ಎಲ್ 1 ಅನ್ನೋ ಅಳತೆಯಲ್ಲಿ ಕೊಟ್ಟಿದ್ದರೆ ನಂಬಬಹುದು. ಆದರೆ ಅದರಲ್ಲೂ ಒಂದು ಸೂಕ್ಷ್ಮ ಇದೆ. ಬೆಳಕು ಹುಣ್ಣಿಮೆಯಷ್ಟು, ಅಂದರೆ ಕಾಲು ಲಕ್ಸ್‌ಗೆ ಇಳಿಯುವ ಜಾಗದ ತನಕ ಅವರು ಲೆಕ್ಕ ಹಾಕುತ್ತಾರೆ. 200 ಮೀಟರ್ ಅಂತ ಇದ್ದರೆ, ಗಿಡದ ಮಧ್ಯೆ ಏನಿದೆ ಅಂತ ಗುರುತು ಹಿಡಿಯಲು ನೂರು ಅಂತಲೇ ಇಟ್ಟುಕೊಳ್ಳಿ. ಮಂಜಿದ್ದರೆ ಅದೂ ಇಲ್ಲ. ಹಣೆಗೆ ಕಟ್ಟುವ ಲೈಟ್ ಮಂಜಿನಲ್ಲಿ ಇನ್ನೂ ಕಷ್ಟ, ಬೆಳಕೂ ಕಣ್ಣೂ ಒಂದೇ ಎತ್ತರದಲ್ಲಿರುತ್ತವೆ. ಟಾರ್ಚನ್ನು ಸೊಂಟದ ಕೆಳಗೆ ಹಿಡಿದರೆ ಸ್ವಲ್ಪ ಮುಂದೆ ಕಾಣುತ್ತದೆ.

ಯಾವುದೇ ಇರಲಿ, ಕತ್ತಲಾದ ಮೇಲೆ ಬಯಲಲ್ಲಿ ಬಿಟ್ಟು ನೋಡದೆ ದುಡ್ಡು ಕೊಡಬೇಡಿ. ಅಂಗಡಿಯವರು ಒಪ್ಪದಿದ್ದರೆ, ವಾಪಸ್ ತಗೊಳ್ಳುತ್ತೇವೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸಂತೆಯ ಟಾರ್ಚಿಗೆ ಬಿಲ್ ಕೊಟ್ಟಿರಲಿಲ್ಲ, ಚಿಕ್ಕಪ್ಪ ಹುಡುಕಿಕೊಂಡು ಹೋದಾಗ ಮಾರಿದವನೂ ಸಿಗಲಿಲ್ಲ. ಬಿಲ್ ಇದ್ದವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೆಟ್ಟ ಚಾರ್ಜಿಂಗ್ ಟಾರ್ಚನ್ನು ಗೊಬ್ಬರದ ಗುಂಡಿಗೋ ಹಳ್ಳಕ್ಕೋ ಎಸೆಯಬೇಡಿ. ಒಳಗೆ ಸೀಸ, ಆ್ಯಸಿಡ್ ಎರಡೂ ಇರುತ್ತವೆ, ನಾವು ಕುಡಿಯುವುದು ಅದೇ ಹಳ್ಳದ ನೀರು. ಗಾಡಿ ಬ್ಯಾಟರಿ ಮಾರುವ ಅಂಗಡಿಗಳಲ್ಲಿ ಹಳೇ ಸೀಸದ ಬ್ಯಾಟರಿ ತಗೊಳ್ಳುತ್ತಾರೆ. ನಮ್ಮದನ್ನೂ ಅಲ್ಲಿಗೇ ಕೊಟ್ಟೆವು.