ಹವ್ಯಾಸಕ್ಕೆ ಇತಿಹಾಸದ ಪುಸ್ತಕ ಓದುವುದೋ, ಹಳೇ ಕ್ರೀಡಾ ಪತ್ರಿಕೆ ಕೂಡಿಡುವುದೋ?

ಚಿಕ್ಕಬಳ್ಳಾಪುರದ ಕಡೆಯವರು ಇತಿಹಾಸ, ರಾಜಕೀಯ ಓದುವ ಹವ್ಯಾಸ ಹಚ್ಚಿಕೊಂಡರೆ ಖರ್ಚು ಕಮ್ಮಿ. ಲೈಬ್ರರಿ ಕಾರ್ಡ್ ಒಂದಿದ್ದರೆ ಸಾಕು. ಓದಿದ ಜಾಗಕ್ಕೆ ಹೋಗಿಯೂ ಬರಬಹುದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆದ ವಿದುರಾಶ್ವತ್ಥ ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲೇ ಅಲ್ವಾ? ಅಲ್ಲಿ ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಾಗಿ ಒಂದೇ ಪುಸ್ತಕ ಓದಿ ಸುಮ್ನಾಗಬೇಡಿ.

ಹಳೇ ಕ್ರೀಡಾ ಪತ್ರಿಕೆ ಕೂಡಿಡುವುದು ಬೇರೆಯೇ ಹುಚ್ಚು. 1978ರಲ್ಲಿ ಶುರುವಾದ ಸ್ಪೋರ್ಟ್‌ಸ್ಟಾರ್ ತೆಗೆದುಕೊಳ್ಳಿ. ನಡುವಿನ ಪೋಸ್ಟರ್ ಕಿತ್ತು ಗೋಡೆಗೆ ಅಂಟಿಸದ ಹುಡುಗರು ಕಮ್ಮಿ. ಪೋಸ್ಟರ್ ಸಮೇತ ಸಿಕ್ಕರೆ ಬಿಡಬೇಡಿ. ಕೊಳ್ಳುವ ಮುಂಚೆ ಮಧ್ಯದ ಪಿನ್ ನೋಡಿ. ತುಕ್ಕು ಹಿಡಿದಿದ್ದರೆ ಸುತ್ತಲ ಕಾಗದ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹಾಳೆ ಮಗುಚಿದರೆ ಪುಡಿಯಾಗುತ್ತದೆ. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಹಳೇ ಪುಸ್ತಕ ಮಾರುವ ಬೆಂಗಳೂರಿನ ಅವೆನ್ಯೂ ರಸ್ತೆ ಸುತ್ತಬೇಕು.

ಆದರೆ ಪತ್ರಿಕೆಯ ಮಜಾ ಪುಸ್ತಕದಲ್ಲಿಲ್ಲ. 1983ರ ವಿಶ್ವಕಪ್‌ಗೆ ಮುಂಚಿನ ಸಂಚಿಕೆ ಬರೆದವರಿಗೆ ಕಪಿಲ್ ದೇವ್ ತಂಡ ಗೆಲ್ಲುತ್ತದೆಂದು ಗೊತ್ತೇ ಇರಲಿಲ್ಲ. ಇತಿಹಾಸ ಬರೆಯುವವರಿಗೆ ಕೊನೆ ಮೊದಲೇ ಗೊತ್ತು.

ಮನೆ ಚಿಕ್ಕದಿದ್ದರೆ ನನ್ನ ಓಟು ಪುಸ್ತಕಕ್ಕೇ. ಓದಿ ವಾಪಸ್ ಕೊಡಬಹುದು. ಪತ್ರಿಕೆಗೆ ಕಪಾಟು ಬೇಕು, ಗೆದ್ದಲಿನ ಕಾಟ ಬೇರೆ, ಜೊತೆಗೆ ಮನೆಯವರ ಗೊಣಗಾಟ. ಆದರೂ ಬಿಡಲ್ಲ ಅಂದರೆ ಒಂದೇ ಆಟ, ಒಂದೇ ದಶಕ ಅಂತ ಇಟ್ಟುಕೊಂಡು ಹುಡುಕಿ.